ಒಂದೇ ಕಡೆ ತಿಂದ ಬಿರಡೆ

ಕಳೆದ ಮೇ ತಿಂಗಳಲ್ಲಿ ಅಪ್ಪ ಹುಬ್ಬಳ್ಳಿಯಿಂದ ಡೊಂಬಿವಲಿಗೆ ಬಂದಿದ್ದ. ಬಂದ ಮರುದಿನ ಬೆಳಿಗ್ಗೆ ಚಹಾಕ್ಕೆ ಒಲೆ ಹಚ್ಚಲು ಹೋದವನು ಅಡುಗೆಮನೆಯಿಂದಲೇ ಕೂಗಿದ: ‘ಏನಪಾ, ಈ ನಾಬ್ ತಿರುವಾಕ ಇಕ್ಕಳ ಬೇಕಲ್ಲ ನಿಮ್ಮ ಮನ್ಯಾಗ?’

ಎಡಗಡೆ ಬರ್ನರಿನ ನಾಬ್ ಎರಡು ತಿಂಗಳಿಂದ ಬಿಗಿಯಾಗಿತ್ತು. ಹೆಂಡತಿ ಹೇಳುತ್ತಲೇ ಇದ್ದಳು, ನಾನು ಮುಂದಿನ ಭಾನುವಾರಕ್ಕೆ ತಳ್ಳುತ್ತಲೇ ಇದ್ದೆ. ಅಪ್ಪ ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ತೆರೆದು, ಒಲೆಯನ್ನು ಮಗುಚಿ ಹಾಕಿ ಎರಡು ಸ್ಕ್ರೂ ಬಿಚ್ಚಿದ. ಒಳಗಿನಿಂದ ಹೆಬ್ಬೆರಳ ತುದಿಯಷ್ಟಿರುವ ಹಿತ್ತಾಳೆಯ ಒಂದು ಚೂಪು ಬಿರಡೆ ಹೊರಬಂತು. ನಡುವೆ ತೂತು. ಮೈಮೇಲೆ ಒಣಗಿ ಕಪ್ಪಾದ ಗ್ರೀಸು. ಹಳೆಯ ಬನಿಯನ್ ತುಂಡಿನಿಂದ ಒರೆಸಿ, ಕಿಟಕಿಯ ಬೆಳಕಿಗೆ ಹಿಡಿದು ನಿಧಾನ ತಿರುಗಿಸಿದ. ‘ಒಂದ ಕಡೆ ತಿಂದೈತಿ ನೋಡು’ ಅಂದ.

ನನಗೇನೂ ಕಾಣಲಿಲ್ಲ. ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ಎಂ.ಟೆಕ್. ಮಾಡಿದ್ದೇನೆ, ಐರೋಲಿಯ ಆಫೀಸಿನಲ್ಲಿ ಕೂತು ವಾಲ್ವುಗಳು ಎಷ್ಟು ದಿನ ಬಾಳುತ್ತವೆ ಎಂದು ಲೆಕ್ಕ ಹಾಕುವ ಸಾಫ್ಟ್‌ವೇರಿಗೆ ಕೋಡ್ ಬರೆಯುತ್ತೇನೆ. ಆದರೂ ಕಾಣಲಿಲ್ಲ. ಅಪ್ಪ ಹುಬ್ಬಳ್ಳಿಯ ಗೋಕುಲ ರಸ್ತೆಯ ವಾಲ್ವ್ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಫಿಟ್ಟರ್ ಆಗಿದ್ದವನು. ಅದರಲ್ಲಿ ಹೆಚ್ಚಿನ ವರ್ಷ ಮಾಡಿದ್ದು ಲ್ಯಾಪಿಂಗ್.

ಹೊರಗಿನವರಿಗೆ ಹುಬ್ಬಳ್ಳಿ ಎಂದರೆ ಹತ್ತಿ, ಗಿರ್ಮಿಟ್ಟು, ಸಿದ್ಧಾರೂಢರ ಮಠ. ರಾಸಾಯನಿಕ ಕಾರ್ಖಾನೆಗಳಲ್ಲಿ ಪೈಪು ನೋಡಿಕೊಳ್ಳುವವರಿಗೆ ಮಾತ್ರ ಹುಬ್ಬಳ್ಳಿ ಎಂದರೆ ವಾಲ್ವು. ಗೋಕುಲ ರಸ್ತೆಯ ಬಿಡಿಕೆ, ಮೈಕ್ರೋಫಿನಿಶ್ ಎಂಬ ಹೆಸರುಗಳನ್ನು ನಾನು ಮೊದಲು ಊರಿನ ಬಸ್ ಸ್ಟಾಪಿನಲ್ಲಿ ಕೇಳಿದ್ದು. ಆಮೇಲೆ ಅವೇ ಹೆಸರುಗಳನ್ನು ನವಿಮುಂಬಯಿಯ ಪೈಪ್‌ರ‍್ಯಾಕುಗಳ ಮೇಲೆ, ಎರಕದ ಅಕ್ಷರಗಳಲ್ಲಿ ಓದಿದೆ. ಬಿಡಿಕೆಯ ಹೆಚ್ಚಿನ ಪಾಲನ್ನು 2010ರಲ್ಲಿ ಸ್ಕಾಟ್ಲೆಂಡಿನ ವೇರ್ ಗ್ರೂಪ್ ಕೊಂಡಿತು, 2019ರಲ್ಲಿ ಅದು ಟ್ರಿಲಿಯಂ ಎಂಬ ಕಂಪನಿಯ ತೆಕ್ಕೆಗೆ ಹೋಯಿತು. ಊರಲ್ಲಿ ಈಗಲೂ ಎಲ್ಲರೂ ಬಿಡಿಕೆ ಅಂತಲೇ ಅನ್ನುತ್ತಾರೆ. ಪರಊರಿನಲ್ಲಿ ತುಕ್ಕು ಹಿಡಿದ ವಾಲ್ವಿನ ಮೇಲೆ ತನ್ನೂರಿನ ಕಾರ್ಖಾನೆಯ ಹೆಸರು ಕಂಡರೆ ಆಗುವ ಸಂತೋಷ ವಿಚಿತ್ರದ್ದು. ಸೂಪರ್‌ವೈಸರುಗಳಿಗೆ ಅದನ್ನು ವಿವರಿಸಲು ಹೋಗಿ ಎರಡು ಸಲ ನಗೆಪಾಟಲಾಗಿದ್ದೇನೆ.

ಗ್ಯಾಸ್ ಒಲೆಯ ಆ ಹಿತ್ತಾಳೆ ತುಂಡು ಕೂಡ ಒಂದು ಪ್ಲಗ್ ವಾಲ್ವೇ. ಪ್ಲಗ್ಗಿಗೆ ನಮ್ಮಲ್ಲಿ ಬಿರಡೆ ಎಂಬ ಚಂದದ ಮಾತಿದೆ. ಸೀಸೆಯ ಬಾಯಿಗೆ ಹಾಕುವುದೂ ಬಿರಡೆ, ತಂಬೂರಿಯ ತಂತಿ ಸುತ್ತುವುದೂ ಬಿರಡೆ. ಪ್ಲಗ್ ವಾಲ್ವಿನಲ್ಲಿ ಇವೆರಡೂ ಒಂದಾಗಿವೆ. ಸೀಸೆಯ ಬಿರಡೆಯ ಹಾಗೆ ಅದು ಒಂದು ಹನಿಯನ್ನೂ ಬಿಡಬಾರದು, ತಂಬೂರಿಯ ಬಿರಡೆಯ ಹಾಗೆ ಕೈಗೆ ತಿರುಗಬೇಕು. ಕಷ್ಟವಿರುವುದು ಇಲ್ಲೇ. ತಂಬೂರಿಯ ಬಿರಡೆ ಜಾರಿದರೆ ಸೀಮೆಸುಣ್ಣ ಹಚ್ಚುತ್ತಾರೆ, ಬಿಗಿಯಾದರೆ ಸ್ವಲ್ಪ ಹೊರಗೆ ಎಳೆಯುತ್ತಾರೆ. ಕಾರ್ಖಾನೆಯಲ್ಲಿ, ಒಳಗೆ ಬಿಸಿ ಆಸಿಡ್ ಇರುವಾಗ, ಅಷ್ಟು ಸಲೀಸಲ್ಲ.

ಬಿರಡೆಯನ್ನು ನೇರ ಉರುಳೆಯಂತೆ ಮಾಡದೆ ಚೂಪಾಗಿ ಏಕೆ ಮಾಡುತ್ತಾರೆ? ಸವೆದದ್ದನ್ನು ತುಂಬಿಕೊಳ್ಳಲು. ಮೇಲೆ 60 ಮಿ.ಮೀ., ಕೆಳಗೆ 40 ಮಿ.ಮೀ. ವ್ಯಾಸ, 100 ಮಿ.ಮೀ. ಉದ್ದದ ಒಂದು ಬಿರಡೆಯನ್ನು ಊಹಿಸಿಕೊಳ್ಳಿ. ಅದನ್ನು 1 ಮಿ.ಮೀ. ಕೆಳಗೆ ಒತ್ತಿದರೆ ಸುತ್ತಲೂ ಸುಮಾರು 0.1 ಮಿ.ಮೀ. ಸವಕಳಿ ತುಂಬಿಬರುತ್ತದೆ. ಜೊತೆಗೆ ಬೆಣೆಯ ಗುಣವೂ ಇದೆ. ಮೇಲಿಂದ ಒತ್ತುವ ಒಂದು ಕಿಲೋ ಭಾರ, ಘರ್ಷಣೆ ನುಂಗುವುದನ್ನು ಕಳೆದರೂ, ಬದಿಗೆ ನಾಲ್ಕೈದು ಕಿಲೋ ಆಗಿ ಒತ್ತುತ್ತದೆ. ಸೋರಿಕೆ ನಿಲ್ಲುವುದು ಈ ಒತ್ತಡದಿಂದ, ಬಿರಡೆ ಕಚ್ಚಿಕೊಂಡು ತಿರುಗದಂತಾಗುವುದೂ ಇದರಿಂದಲೇ.

ಇನ್ನು ಸವೆತ. 1953ರಲ್ಲಿ ಆರ್ಚರ್ಡ್ ಎಂಬಾತ ಬರೆದ ಸೂತ್ರ ನಮ್ಮ ಪಠ್ಯದಲ್ಲಿತ್ತು: ಸವೆಯುವ ಆಳವು ಒತ್ತಡ ಮತ್ತು ಉಜ್ಜುವ ದೂರ ಇವೆರಡರ ಗುಣಾಕಾರಕ್ಕೆ ತಕ್ಕಂತೆ ಇರುತ್ತದೆ. ನಮ್ಮ ಬಿರಡೆಯನ್ನು ಕಾಲು ಸುತ್ತು ತಿರುಗಿಸಿದರೆ ಮೇಲಿನ ದಪ್ಪ ತುದಿ 47 ಮಿ.ಮೀ. ಉಜ್ಜುತ್ತದೆ, ಕೆಳಗಿನ ಸಣ್ಣ ತುದಿ 31 ಮಿ.ಮೀ. ಮಾತ್ರ. ಒತ್ತಡ ಎಲ್ಲ ಕಡೆ ಒಂದೇ ಇದ್ದರೆ ಮೇಲ್ತುದಿ ಒಂದೂವರೆ ಪಟ್ಟು ಬೇಗ ಸವೆಯಬೇಕು. ಹಾಗೆ ಸವೆದಾಗ ಅಲ್ಲಿ ಹಿಡಿತ ಸಡಿಲವಾಗಿ ಭಾರ ಕೆಳಗಿನ ತುದಿಗೆ ಸರಿಯುತ್ತದೆ, ಈಗ ಕೆಳಗೆ ಸವೆತ ಹೆಚ್ಚುತ್ತದೆ. ಕೊನೆಗೆ ಒತ್ತಡ ಮತ್ತು ತ್ರಿಜ್ಯಗಳ ಗುಣಾಕಾರ ಎಲ್ಲ ಕಡೆಯೂ ಸಮವಾಗಿ, ಇಡೀ ಮೈ ಒಂದೇ ಹದದಲ್ಲಿ ಸವೆಯತೊಡಗುತ್ತದೆ. ಕ್ಲಚ್ ಲೆಕ್ಕ ಮಾಡಿದ ಮೆಕ್ಯಾನಿಕಲ್ ಹುಡುಗರಿಗೆ ‘ಸಮ ಸವೆತದ ಸಿದ್ಧಾಂತ’ ನೆನಪಿರಬಹುದು. ಪರೀಕ್ಷೆಯಲ್ಲಿ ಎಂಟು ಮಾರ್ಕಿಗೆ ಬರುತ್ತಿತ್ತು. ಅಂದರೆ ನೆಟ್ಟಗೆ ಕೂತ ಬಿರಡೆ ತನ್ನನ್ನು ತಾನೇ ಸರಿಪಡಿಸಿಕೊಳ್ಳುತ್ತ ಸವೆಯುತ್ತದೆ. ನೆಟ್ಟಗೆ ಕೂತಿದ್ದರೆ!

ಅಪ್ಪ ಇದನ್ನು ಕೈಯಿಂದ ಕಲಿತಿದ್ದ. ಬಿರಡೆಗೆ ಕಾರ್ಬೊರಂಡಮ್ ಪೇಸ್ಟ್ ಹಚ್ಚಿ ಗೂಡಿನಲ್ಲಿ ಕೂರಿಸಿ, ಅತ್ತಿತ್ತ ತಿರುಗಿಸುತ್ತ, ಆಗಾಗ ಎತ್ತಿ ಜಾಗ ಬದಲಿಸಿ ಮತ್ತೆ ಉಜ್ಜಬೇಕು. ಎತ್ತದೆ ಒಂದೇ ಕಡೆ ಉಜ್ಜಿದರೆ ಗೆರೆ ಬೀಳುತ್ತದೆ. ಆಮೇಲೆ ತೊಳೆದು, ಪ್ರಷ್ಯನ್ ಬ್ಲೂ ತೆಳ್ಳಗೆ ಬಳಿದು, ಕೂರಿಸಿ ತೆಗೆದು, ನೀಲಿ ಎಲ್ಲೆಲ್ಲಿ ಅಂಟಿದೆ ನೋಡಬೇಕು. ಸುತ್ತಲೂ ಒಡೆಯದ ಪಟ್ಟಿಯಾಗಿ ನೀಲಿ ಅಂಟಿದರೆ ಆಯಿತು. ಹೀಗೆ ಉಜ್ಜಿದ ಬಿರಡೆ ಮತ್ತು ಗೂಡು ಜೋಡಿಯಾಗಿಬಿಡುತ್ತವೆ, ಒಂದರ ಬಿರಡೆ ಇನ್ನೊಂದಕ್ಕೆ ಬರುವುದಿಲ್ಲ. ಸಣ್ಣವನಿದ್ದಾಗ ಅಪ್ಪನ ಉಗುರಿನ ಸಂದಿಯಲ್ಲಿ ಯಾವಾಗಲೂ ನೀಲಿ. ಶಾಲೆಯಲ್ಲಿ ‘ನಿಮ್ಮಪ್ಪ ಏನು ಮಾಡ್ತಾರ?’ ಎಂದು ಕೇಳಿದಾಗ ನಾನು ‘ಕಂಪನ್ಯಾಗ ಅದಾರ’ ಎಂದಷ್ಟೇ ಹೇಳುತ್ತಿದ್ದೆ.

ಅಪ್ಪ ಒಲೆ ಬಿಚ್ಚಿದ ಎರಡನೆಯ ದಿನ ನನಗೊಂದು ಫೋನ್ ಬಂತು. ಠಾಣೆ–ಬೇಲಾಪುರ ರಸ್ತೆಯ ಬದಿಯ ಕಾರ್ಖಾನೆಯೊಂದರಲ್ಲಿ ಬಿಸಿ ಕಾಸ್ಟಿಕ್ ಸೋಡಾ ಹರಿಯುವ ಎರಡಿಂಚಿನ ಪ್ಲಗ್ ವಾಲ್ವ್ ಸೋರಿ ಒಬ್ಬ ಹೆಲ್ಪರನ ಮುಂಗೈ ಸುಟ್ಟಿತ್ತು. ಆ ಕಾರ್ಖಾನೆ ನಮ್ಮ ಗಿರಾಕಿ. ಆ ವಾಲ್ವಿಗೆ ಇನ್ನೂ ಒಂದೂವರೆ ವರ್ಷ ಆಯಸ್ಸಿದೆ ಎಂದು ನಮ್ಮ ಸಾಫ್ಟ್‌ವೇರ್ ಹೇಳಿತ್ತು. ಸವೆತದ ಭಾಗದ ಕೋಡ್ ನನ್ನದು.

ಡೊಂಬಿವಲಿಯಲ್ಲಿ ಇರುವವರಿಗೆ ಇಂಥ ಫೋನ್ ಬಂದರೆ ಎದೆ ಧಸಕ್ಕೆನ್ನುವುದಕ್ಕೆ ಕಾರಣವಿದೆ. 2014ರಲ್ಲಿ ಇಲ್ಲಿ ಹಸಿರು ಬಣ್ಣದ ಮಳೆ ಬಿದ್ದಿತ್ತು, 2020ರಲ್ಲಿ ಎಂಐಡಿಸಿಯ ರಸ್ತೆ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಅವನ್ನು ಜನ ಫೋಟೊ ತೆಗೆದು ಹಂಚಿಕೊಂಡು ಮರೆತರು. ಮರೆಯಲಾಗದ್ದು 2016ರ ಮೇ 26 ಮತ್ತು 2024ರ ಮೇ 23. ಎರಡು ಸ್ಫೋಟ. ಮೊದಲನೆಯದರಲ್ಲಿ 12 ಜನ, ಎರಡನೆಯದರಲ್ಲಿ ಹತ್ತಕ್ಕೂ ಹೆಚ್ಚು ಜನ ಹೋದರು. ಎರಡನೆಯದು ಆದಾಗ ನಾನು ಮನೆಯಲ್ಲೇ ಕೂತು ಕೆಲಸ ಮಾಡುತ್ತಿದ್ದೆ, ಲ್ಯಾಪ್‌ಟಾಪಿನ ಪರದೆ ಅಲುಗಿತು. ಆ ಸ್ಫೋಟಗಳಿಗೂ ವಾಲ್ವಿಗೂ ಗಂಟು ಹಾಕುತ್ತಿಲ್ಲ. ರಾಸಾಯನಿಕದ ನೆರೆಯಲ್ಲಿ ಮನೆ ಮಾಡಿಕೊಂಡವನಿಗೆ ‘ಸಣ್ಣ ಸೋರಿಕೆ’ ಎಂಬ ಮಾತು ಕಿವಿಗೆ ಹಿಡಿಸುವುದಿಲ್ಲ, ಅಷ್ಟೇ.

ಆ ವಾಲ್ವ್ ಲೋಹಕ್ಕೆ ಲೋಹ ಉಜ್ಜುವ ಜಾತಿಯದಲ್ಲ. ಅದಕ್ಕೊಂದು ಸಣ್ಣ ಪೂರ್ವಕಥೆ ಬೇಕು. ಲೋಹದ ಬಿರಡೆ ಕಚ್ಚಿಕೊಳ್ಳುವ ಕಾಟಕ್ಕೆ ಕಳೆದ ಶತಮಾನದ ಆರಂಭದಲ್ಲಿ ಸ್ವೀಡನ್ ಮೂಲದ ಸ್ವೆನ್ ನಾರ್ಡ್‌ಸ್ಟ್ರೋಮ್ ಎಂಬ ಎಂಜಿನಿಯರ್ ಅಮೆರಿಕದಲ್ಲಿ ಒಂದು ಉಪಾಯ ಮಾಡಿದ. ಬಿರಡೆಯ ಮೈಯಲ್ಲಿ ಸಣ್ಣ ಕಾಲುವೆಗಳನ್ನು ಕೊರೆದು, ಮೇಲಿನಿಂದ ಒತ್ತಡದಲ್ಲಿ ಗ್ರೀಸು ತುಂಬುವುದು. ಗ್ರೀಸು ಬಿರಡೆಯನ್ನು ಕೂದಲೆಳೆಯಷ್ಟು ಎತ್ತುತ್ತದೆ, ಸೋರಿಕೆಯನ್ನೂ ತಡೆಯುತ್ತದೆ. ಎಣ್ಣೆ, ಅನಿಲದ ಪೈಪುಗಳಲ್ಲಿ ಇವತ್ತಿಗೂ ಇದು ನಡೆಯುತ್ತದೆ. ಆದರೆ ನಮ್ಮ ಡೊಂಬಿವಲಿ, ಅಂಬರನಾಥ, ತಳೋಜದ ಬಣ್ಣ–ಔಷಧಿ ಕಾರ್ಖಾನೆಗಳಲ್ಲಿ ಹರಿಯುವ ದ್ರಾವಕಗಳು ಆ ಗ್ರೀಸನ್ನೇ ಕರಗಿಸಿ ತಿಂದುಬಿಡುತ್ತವೆ, ಇಲ್ಲವೇ ಗ್ರೀಸು ಔಷಧಿಯಲ್ಲಿ ಬೆರೆಯುತ್ತದೆ. ಅಲ್ಲಿ ಬಿರಡೆಯ ಸುತ್ತ ಟೆಫ್ಲಾನ್ ತೋಳು, ಅಂದರೆ ಸ್ಲೀವ್, ಇರುತ್ತದೆ. 1938ರಲ್ಲಿ ಡುಪಾಂಟ್‌ನ ರಾಯ್ ಪ್ಲಂಕೆಟ್‌ಗೆ ಆಕಸ್ಮಿಕವಾಗಿ ಸಿಕ್ಕ ವಸ್ತು ಇದು. ಯಾವ ಆಸಿಡ್ಡಿಗೂ ಜಗ್ಗುವುದಿಲ್ಲ, ಗ್ರೀಸು ಬೇಡ, ನುಣುಪು.

ಅದಕ್ಕೂ ದುರ್ಗುಣಗಳಿವೆ. ಒತ್ತಡದಲ್ಲಿ ಹಿಡಿದಿಟ್ಟರೆ ಟೆಫ್ಲಾನ್ ಕಣಕದ ಹಾಗೆ ನಿಧಾನ ಹರಿದು ಸರಿಯುತ್ತದೆ. ಬಿಸಿಗೆ ಉಕ್ಕಿಗಿಂತ ಹತ್ತು ಪಟ್ಟು ಹಿಗ್ಗುತ್ತದೆ. ದಿನಕ್ಕೊಮ್ಮೆ ಬಿಸಿಯಾಗಿ ತಣಿಯುವ ಸಾಲಿನಲ್ಲಿ ಅದು ಹಿಗ್ಗಿ, ಜಾಗ ಸಾಲದೆ ಸಂದಿಗಳಿಗೆ ನುಗ್ಗಿ, ತಣಿದಾಗ ಹಿಂದೆ ಬರದೆ ಸಡಿಲಾಗುತ್ತದೆ. ಹಾಗಾಗಿ ವಾಲ್ವಿನ ತಲೆಯ ಮೇಲೆ ಮೂರು ಹೊಂದಾಣಿಕೆ ಬೋಲ್ಟುಗಳನ್ನು ಕೊಟ್ಟಿರುತ್ತಾರೆ. ಸೋರಿದರೆ ಮೂರನ್ನೂ ಸರದಿಯಲ್ಲಿ, ಒಂದೊಂದನ್ನು ಎಂಟನೇ ಒಂದು ಸುತ್ತಿನಷ್ಟು ಬಿಗಿಯಬೇಕು. 8 ಮಿ.ಮೀ. ಬೋಲ್ಟಿನಲ್ಲಿ ಅದು ಬಿರಡೆಯನ್ನು ಸುಮಾರು 0.16 ಮಿ.ಮೀ. ಇಳಿಸುತ್ತದೆ. ಬದಿಗೆ ತುಂಬಿಕೊಳ್ಳುವುದು ಅದರ ಹತ್ತನೇ ಒಂದು ಪಾಲು, 16 ಮೈಕ್ರಾನ್. ಅಷ್ಟು ಸಾಕು.

ಕಾರ್ಖಾನೆಯವರು ವಾಲ್ವನ್ನು ಕಲ್ಯಾಣದ ಹತ್ತಿರ ಶಹಾಡದ ಒಂದು ರಿಪೇರಿ ಶೆಡ್ಡಿಗೆ ಕಳಿಸಿದ್ದರು. ಅಲ್ಲಿ ಬಿಚ್ಚಿಸಿ ಫೋಟೊ ತೆಗೆದುಕೊಂಡು ಬಂದೆ. ನನ್ನ ಕೋಡಿನ ಪ್ರಕಾರ ತೋಳು ಸುತ್ತಲೂ ಸಮ ಸವೆದಿರಬೇಕಿತ್ತು. ಹರಿವಿನ ಕೆಳಬದಿಗೆ ಸ್ವಲ್ಪ ಹೆಚ್ಚು, ಏಕೆಂದರೆ ಮುಚ್ಚಿದಾಗ ದ್ರವದ ಒತ್ತಡ ಬಿರಡೆಯನ್ನು ಆ ಕಡೆಗೇ ನೂಕುತ್ತದೆ. ಅದನ್ನು ನಾನು ಲೆಕ್ಕದಲ್ಲಿ ಹಿಡಿದಿದ್ದೆ. ತೂತಿನ ಅಂಚು ತೋಳನ್ನು ಕೆರೆಯುತ್ತ ಹೋಗುವುದನ್ನೂ ಹಿಡಿದಿದ್ದೆ. ಫೋಟೊದಲ್ಲಿ ಇದ್ದದ್ದು ಬೇರೆಯೇ. ಅದು ಅರ್ಥವಾಗದೆ, ಆಫೀಸಿನವರು ಅವಸರ ಮಾಡಿದ್ದರಿಂದ, ವರದಿಯ ಕರಡಿನಲ್ಲಿ ‘ನಿರ್ವಾಹಕರಿಂದ ಅಸಮರ್ಪಕ ಬಿಗಿತ’ ಎಂದು ಬರೆದೆ. ಇಂಗ್ಲಿಷಿನಲ್ಲಿ ಆ ಸಾಲು ಇನ್ನೂ ನಯವಾಗಿ ಕಾಣುತ್ತಿತ್ತು.

ರಾತ್ರಿ ಊಟಕ್ಕೆ ಕೂತಾಗ ಅಪ್ಪನಿಗೆ ಫೋನ್ ಕೊಟ್ಟೆ. ಕನ್ನಡಕ ಏರಿಸಿ, ಫೋಟೊ ಹಿಗ್ಗಿಸಿ ಹಿಗ್ಗಿಸಿ ನೋಡಿದ. ರೊಟ್ಟಿ ತಣ್ಣಗಾಯಿತು.

‘ಮ್ಯಾಲ ಈ ಕಡೆ ತಿಂದೈತಿ, ಕೆಳಗ ಅದರ ಎದುರು ಕಡೆ ತಿಂದೈತಿ. ಕಾಣ್ತೈತಿಲ್ಲ?’

‘ಕಾಣ್ತೈತಿ.’

‘ಹಂಗಾದ್ರ ಅದು ಸವದಿಲ್ಲೋ ತಮ್ಮಾ, ವಾಲೈತಿ. ಮೂರೂ ಬೋಲ್ಟ್ ಸಮ ಬಿಗದಿಲ್ಲ. ಒಂದನ್ನ ಬಿಗಕೋತ ಹೋಗ್ಯಾರ.’

‘ಅದನ್ನ ನಾನೂ ಬರದೀನಿ ಅಪ್ಪಾ. ನಿರ್ವಾಹಕರ ತಪ್ಪು ಅಂತ.’

ಅಪ್ಪ ಫೋನ್ ಕೆಳಗಿಟ್ಟ. ‘ಮೂರು ಬೋಲ್ಟ್ ಇರೂದು ಅವಂಗ ಕಾಣೂದಿಲ್ಲೇನು? ಕಂಡೂ ಒಂದನ್ನ ಯಾಕ ಬಿಗದ, ಕೇಳಿ ಬಂದಿಯೇನು?’

ಕೇಳಿರಲಿಲ್ಲ.

ಮರುದಿನ ಆಫೀಸಿಗೆ ಹೋಗುವ ಬದಲು ಠಾಣೆಯಲ್ಲಿ ಇಳಿದು ಟ್ರಾನ್ಸ್ ಹಾರ್ಬರ್ ಲೋಕಲ್ ಹಿಡಿದು ದಿಘಾಕ್ಕೆ ಹೋದೆ. ಸುಟ್ಟ ಕೈಯ ಹುಡುಗ ಅಲ್ಲೊಂದು ಚಾಳಿನಲ್ಲಿ ಇನ್ನು ನಾಲ್ವರ ಜೊತೆ ಇದ್ದ. ಹಿಂದಿಯಲ್ಲಿ ಮಾತು ಶುರು ಮಾಡಿ ‘ಊರು ಯಾವುದು?’ ಎಂದೆ. ‘ಶಹಾಪುರ’ ಅಂದ. ಕಸಾರಾ ಲೈನಿನ ಶಹಾಪುರ ಇರಬೇಕು ಎಂದುಕೊಂಡೆ, ಅಲ್ಲಿಯವರೇ ಇಲ್ಲಿ ಬಹಳ. ಅವನ ಫೋನು ಬಡಿದು, ‘ಹೂನವ್ವ, ಉಂಡೀನಿ’ ಎಂದಾಗ ಗೊತ್ತಾಯಿತು, ಇದು ಯಾದಗಿರಿಯ ಶಹಾಪುರ. ಆಮೇಲೆ ಇಬ್ಬರಿಗೂ ಮಾತು ಸಲೀಸಾಯಿತು.

ಬೋಲ್ಟಿನ ವಿಷಯ ಕೇಳಿದೆ. ಬ್ಯಾಂಡೇಜಿಲ್ಲದ ಎಡಗೈಯಿಂದಲೇ ಗಾಳಿಯಲ್ಲಿ ಪೈಪು ಬರೆದು ತೋರಿಸಿದ. ‘ಅಣ್ಣಾ, ವಾಲ್ವಿನ ಬಾಜೂಕ ಸ್ಟೀಮ್ ಲೈನ್ ಅದ. ಅದಕ್ಕ ಇಷ್ಟು ದಪ್ಪ ಹತ್ತಿ ಸುತ್ಯಾರ. ಎರಡು ಬೋಲ್ಟಿಗಿ ಪಾನಾ ಹೋಗಂಗೇ ಇಲ್ಲ. ಹೋದ್ರೂ ತಿರಗಂಗಿಲ್ಲ. ಸೋರಿದಾಗೆಲ್ಲ ಮುಂದಿಂದು ಒಂದೇ ಬಿಗೀತೀವಿ. ಎಲ್ಲರೂ ಹಂಗೇ ಮಾಡ್ತಾರ.’ ಒಂದು ಸಲಕ್ಕೆ ಎಷ್ಟು ಬಿಗಿಯುತ್ತೀರಿ ಎಂದೆ. ‘ಹನಿ ನಿಲ್ಲೋಮಟ. ಅರ್ಧ ಸುತ್ತು.’

ಅರ್ಧ ಸುತ್ತು ಎಂದರೆ 0.6 ಮಿ.ಮೀ. ಒಂದೇ ಬದಿಗೆ. ಬಿರಡೆ ವಾಲಿತು, ಮೇಲೆ ಒಂದು ಕಡೆ, ಕೆಳಗೆ ಎದುರು ಕಡೆ ತೋಳನ್ನು ಹಿಸುಕಿತು, ಉಳಿದ ಕಡೆ ಬಿಟ್ಟುಕೊಟ್ಟಿತು. ಹನಿ ಆ ಹೊತ್ತಿಗೆ ನಿಂತಿತು. ಬಿಸಿಯಾಗಿ ತಣಿದ ಮೇಲೆ ಮತ್ತೆ ಶುರು, ಮತ್ತೆ ಅದೇ ಬೋಲ್ಟು. ಹಿಡಿಕೆ ಗಟ್ಟಿಯಾಯಿತು, ಅದಕ್ಕೊಂದು ಪೈಪು ಸಿಕ್ಕಿಸಿ ತಿರುಗಿಸಿದರು. ಸಮ ಸವೆತದ ಸಿದ್ಧಾಂತದಲ್ಲಿ ಬಿರಡೆ ತನ್ನ ನಡುಗೆರೆಯ ಮೇಲೆ ನೆಟ್ಟಗೆ ಇಳಿಯುತ್ತದೆ ಎಂಬ ಒಂದು ಊಹೆ ಇದೆ. ಪುಸ್ತಕದಲ್ಲಿ ಅದನ್ನು ಯಾರೂ ಅಡಿಗೆರೆ ಎಳೆದು ಹೇಳುವುದಿಲ್ಲ, ನಾನೂ ಕೋಡಿನಲ್ಲಿ ಬರೆದಿರಲಿಲ್ಲ. ನನ್ನ ಕಂಪ್ಯೂಟರಿನಲ್ಲಿ ವಾಲ್ವು ಖಾಲಿ ಬಿಳಿ ಪರದೆಯ ನಡುವೆ ತೇಲುತ್ತಿತ್ತು. ಪಕ್ಕದಲ್ಲಿ ಸ್ಟೀಮ್ ಲೈನ್ ಇರಲಿಲ್ಲ, ಪಾನಾ ಹಿಡಿದ ಕೈಯೂ ಇರಲಿಲ್ಲ.

ವಾಲ್ವು ತಯಾರಿಸಿದವರ ಪರೀಕ್ಷೆಯಲ್ಲಿ ಇದು ಸಿಗುವಂಥದ್ದಲ್ಲ. ಎಪಿಐ 598ರ ಪ್ರಕಾರ ಹೊಸ ವಾಲ್ವಿನ ಮೈಗೆ ಒಂದೂವರೆ ಪಟ್ಟು ಒತ್ತಡದ ನೀರು ಹಾಕಿ, ಆಸನಕ್ಕೆ ಕಡಿಮೆ ಒತ್ತಡದ ಗಾಳಿ ಕೊಟ್ಟು ನೋಡುತ್ತಾರೆ. ಎರಡಿಂಚಿನದಕ್ಕೆ ಆಸನದ ಪರೀಕ್ಷೆ 15 ಸೆಕೆಂಡು. ಟೆಫ್ಲಾನ್ ಆಸನದಲ್ಲಿ ಒಂದು ಗುಳ್ಳೆಯೂ ಏಳಬಾರದು. ಆ ವಾಲ್ವಿನ ಸರ್ಟಿಫಿಕೇಟ್ ಸರಿಯಾಗಿತ್ತು. ಸ್ಟೀಮ್ ಲೈನ್ ಎಳೆದವರ ನಕ್ಷೆಯೂ ಅವರ ಪಾಲಿಗೆ ಸರಿಯಾಗಿತ್ತು. ಎಲ್ಲರ ಕಾಗದವೂ ಸರಿಯಿದ್ದು, ಕೊನೆಗೆ ಕಾಗದವೇ ಇಲ್ಲದ ಗುತ್ತಿಗೆ ಹುಡುಗನ ಮೇಲೆ ನನ್ನ ಒಂದು ಸಾಲು ಬೀಳುವುದರಲ್ಲಿತ್ತು. ಆ ಸಾಲು ಹಾಗೇ ಹೋಗಿದ್ದರೆ ಗುತ್ತಿಗೆದಾರ ಅವನನ್ನು ವಾಪಸು ತೆಗೆದುಕೊಳ್ಳುತ್ತಿರಲಿಲ್ಲ ಎಂದು ಚಾಳಿನ ಉಳಿದವರೇ ಹೇಳಿದರು. ಹೀಗೆ ಹೋದವರ ಹೆಸರುಗಳನ್ನೂ ಹೇಳಿದರು.

ವರದಿ ತಿದ್ದಲು ಎರಡು ದಿನ ಜಗಳವಾಯಿತು. ‘ನಮ್ಮ ಮಾಡೆಲ್ ತಪ್ಪು ಎಂದು ಗಿರಾಕಿಗೆ ನಾವೇ ಬರೆದುಕೊಡುವುದೇ?’ ಎಂದರು ಮೇಲಿನವರು. ಅವರ ಮಾತಿನಲ್ಲೂ ಹುರುಳಿತ್ತು, ಮುಂದಿನ ಒಪ್ಪಂದ ಅದೇ ತಿಂಗಳು ಸಹಿಯಾಗಬೇಕಿತ್ತು. ನಾನೇನೂ ಶೂರನಲ್ಲ, ಮನೆಸಾಲದ ಕಂತು ನನಗೂ ಇದೆ. ಕೊನೆಗೆ ಒಪ್ಪಿಗೆಯಾದದ್ದು ಹೀಗೆ: ‘ಮೂರರಲ್ಲಿ ಎರಡು ಬೋಲ್ಟುಗಳು ಪಾನಾಕ್ಕೆ ಸಿಗುವಂತಿಲ್ಲ, ಆದ್ದರಿಂದ ಸಮನಾಗಿ ಬಿಗಿಯುವುದು ಸಾಧ್ಯವಿರಲಿಲ್ಲ.’ ಜೊತೆಗೆ ಫೋಟೊ. ‘ನಿರ್ವಾಹಕ’ ಎಂಬ ಪದವನ್ನು ತೆಗೆಸಿದೆ. ‘ಮಾಡೆಲ್’ ಎಂಬ ಪದವನ್ನು ಅವರು ತೆಗೆಸಿದರು.

ಪರಿಹಾರ ಸರಳವಿತ್ತು. ಎರಡಿಂಚಿನ ಆ ಫ್ಲ್ಯಾಂಜಿನಲ್ಲಿ ನಾಲ್ಕು ತೂತು. ಹೊಸ ತೋಳು ಹಾಕಿಸಿದ ವಾಲ್ವನ್ನು ಒಂದು ತೂತಿನಷ್ಟು, ಅಂದರೆ 90 ಡಿಗ್ರಿ, ತಿರುಗಿಸಿ ಕೂರಿಸಿದರು. ಹಿಡಿಕೆ ಈಗ ನಡೆಯುವ ದಾರಿಯ ಕಡೆಗೆ ಚಾಚಿದೆ, ಮೂರೂ ಬೋಲ್ಟು ಕೈಗೆ ಸಿಗುತ್ತವೆ. ನಮ್ಮ ಸಾಫ್ಟ್‌ವೇರಿನಲ್ಲಿ ಒಂದು ಹೊಸ ಚೌಕ ಸೇರಿಸಿದ್ದೇನೆ: ‘ಪ್ರತಿ ಬೋಲ್ಟಿಗೂ ಪಾನಾ ತಿರುಗಲು ಜಾಗವಿದೆಯೇ?’ ಇಲ್ಲ ಎಂದರೆ ಆಯಸ್ಸಿನ ಅಂಕಿಯೇ ಬರುವುದಿಲ್ಲ. ಗಿರಾಕಿಗಳು ಫೋನ್ ಮಾಡಿ ಇದೊಂದು ಕಿರಿಕಿರಿ ಎನ್ನುತ್ತಾರೆ. ಬಹಳ ಜನ ನೋಡದೆಯೇ ‘ಹೌದು’ ಒತ್ತುತ್ತಾರೆ ಎಂಬುದೂ ಗೊತ್ತು. ಅದಕ್ಕೆ ಫೋಟೊ ಕಡ್ಡಾಯ ಮಾಡಬೇಕು ಎಂದು ಹಟ ಹಿಡಿದಿದ್ದೇನೆ, ಇನ್ನೂ ಆಗಿಲ್ಲ.

ಶಹಾಪುರದ ಹುಡುಗ ಜುಲೈಯಲ್ಲಿ ಕೆಲಸಕ್ಕೆ ಹೋದ. ಮುಂಗೈಯ ಚರ್ಮ ಇನ್ನೂ ಬಿಗಿಯುತ್ತದಂತೆ, ಮಳೆ ಬಂದಾಗ ಜಾಸ್ತಿ.

ಇನ್ನು ನಮ್ಮ ಒಲೆ. ಅಪ್ಪ ಪೇಟೆಯಿಂದ ಒಲೆಗೆಂದೇ ಮಾರುವ, ಬಿಸಿ ತಡೆಯುವ ಗ್ರೀಸು ತರಿಸಿದ. ಮನೆಯ ಎಣ್ಣೆ, ಸೈಕಲ್ ಗ್ರೀಸು ಹಚ್ಚುವವರಿದ್ದಾರೆ, ಖಂಡಿತ ಬೇಡ. ಅಪ್ಪನಂಥ ಕೈ ಮನೆಯಲ್ಲಿಲ್ಲದಿದ್ದರೆ ರಿಪೇರಿಯವನನ್ನೇ ಕರೆಯಿರಿ. ಯಾವ ಬಿರಡೆ ಯಾವ ಗೂಡಿನದು ಎಂದು ಸೀಮೆಸುಣ್ಣದಲ್ಲಿ ಗುರುತು ಮಾಡಿಕೊಂಡ. ತೆಳ್ಳಗೆ ಸವರಿ, ಕೂರಿಸಿ, ಹತ್ತಿಪ್ಪತ್ತು ಸಲ ಅತ್ತಿತ್ತ ತಿರುಗಿಸಿದ. ರೆಗ್ಯುಲೇಟರ್ ತೆರೆದು ಸೋಪಿನ ನೊರೆ ಹಚ್ಚಿ ಗುಳ್ಳೆ ಬರುತ್ತದೋ ಎಂದು ಪೂರಾ ಐದು ನಿಮಿಷ ನೋಡಿದ.

‘ಎಪಿಐದಾಗ ಹದಿನೈದು ಸೆಕೆಂಡ್ ಸಾಕು ಅಪ್ಪಾ’ ಅಂದೆ.

‘ಅವರ ಮನ್ಯಾಗ ಸೊಸಿ, ಮೊಮ್ಮಕ್ಕಳು ಇರೂದಿಲ್ಲ’ ಅಂದ.

ಕಲ್ಯಾಣ ಸ್ಟೇಷನ್ನಿನಲ್ಲಿ ಹುಬ್ಬಳ್ಳಿ ಗಾಡಿ ಹತ್ತಿಸುವಾಗ ನೆನಪಿಸಿದ, ಬಲಗಡೆಯ ನಾಬ್ ಇನ್ನೂ ಬಾಕಿ ಇದೆಯೆಂದು. ಗ್ರೀಸಿನ ಡಬ್ಬಿ ಅಡುಗೆಮನೆಯ ಮೇಲಿನ ಗೂಡಿನಲ್ಲಿ, ಬೇಳೆ ಡಬ್ಬಿಯ ಹಿಂದಿದೆ.